ಹೆಬ್ಬೆಟ್ಟು ಒತ್ತುವ ಮುಂಚೆ

ಸಲಹೆ ಕೇಳಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಕಾಗದ ಇರುತ್ತದೆ. ಮಡಿಕೆಯಲ್ಲಿ ಹರಿಯತೊಡಗಿದ ಹೊಲದ ಉತಾರ, ಬ್ಯಾಂಕಿನ ನೋಟಿಸು, ಕೋರ್ಟಿನ ಸಮನ್ಸು, ಯಾರೋ ಬರೆಸಿಕೊಂಡ ಛಾಪಾ ಕಾಗದದ ಝೆರಾಕ್ಸು. ಅದನ್ನು ಮುಂದಿಟ್ಟು "ಇದರಾಗ ಏನ್ ಬರದೈತಿ ನೋಡ್ರಿ" ಎನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಲ್ಲಿ ಕುಳಿತರೂ ಕೇಳುವ ಮಾತು ಇದೇ. ಅವರ ಪೈಕಿ ಎಷ್ಟೋ ಜನ ಆ ಕಾಗದಕ್ಕೆ ಆಗಲೇ ಸಹಿ ಹಾಕಿರುತ್ತಾರೆ, ಇಲ್ಲವೇ ಹೆಬ್ಬೆಟ್ಟು ಒತ್ತಿರುತ್ತಾರೆ. ಈ ಪ್ರಶ್ನೆ ಸಹಿಗಿಂತ ಮುಂಚೆ ಬಂತೋ, ಸಹಿಯಾದ ಮೇಲೆ ಬಂತೋ ಎಂಬುದರ ಮೇಲೆ ಎಷ್ಟೋ ಸಲ ಒಂದು ಮನೆತನದ ಮುಂದಿನ ಬಾಳು ನಿಂತಿರುತ್ತದೆ. ಸಂಬಳವಿಲ್ಲದೆ ಕುಳಿತು ಸಲಹೆ ಹೇಳುವ ಕೆಲಸದ ಅರ್ಥವೇನು ಎಂದು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಈ ಮುಂಚೆ ಮತ್ತು ಆಮೇಲೆಗಳ ನಡುವಿನ ಅಂತರಕ್ಕೇ ಹೋಗುತ್ತದೆ.

ವಿಜಯಪುರ ಜಿಲ್ಲೆ ಹಲವಾರು ಹೊಸ ತಾಲ್ಲೂಕುಗಳಾಗಿ ಒಡೆಯುವ ಮೊದಲು ಅದರಲ್ಲಿ ಐದೇ ತಾಲ್ಲೂಕುಗಳಿದ್ದವು. ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಉಳಿದವು ಮೇಲೆ ಹೆಸರಿಸಿದ ಈ ನಾಲ್ಕು. ಈ ನಾಲ್ಕರಲ್ಲೂ ನ್ಯಾಯಾಲಯಗಳಿವೆ. ನ್ಯಾಯಾಲಯದ ಜೊತೆಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಆ ಊರಿನ ಅತ್ಯಂತ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಈ ವ್ಯವಸ್ಥೆಯ ಬೇರು ಸಂವಿಧಾನದಲ್ಲಿದೆ. 1976ರ 42ನೇ ತಿದ್ದುಪಡಿಯಲ್ಲಿ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ರಾಜ್ಯವು ಉಚಿತ ಕಾನೂನು ನೆರವು ಒದಗಿಸಬೇಕು ಎಂದಿತು. ಅದನ್ನು ಜಾರಿಗೆ ತರಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಆಯಿತು. ಅದು ಜಾರಿಯಾದದ್ದು 1995ರ ನವೆಂಬರ್ 9ರಂದು.

ಆ ಕಾಯ್ದೆಯ 12ನೇ ಕಲಮು ಯಾರಿಗೆ ಈ ನೆರವು ಎಂದು ಪಟ್ಟಿ ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಆದಾಯ ಕಡಿಮೆ ಇರುವವರು. ಹೆಂಗಸರಿಗೂ ಮಕ್ಕಳಿಗೂ ಆದಾಯದ ಲೆಕ್ಕವೇ ಇಲ್ಲ. ಪಟ್ಟಿಯಲ್ಲಿ ಇನ್ನೆರಡು ಹೆಸರುಗಳಿವೆ: ನೆರೆಗೆ ಸಿಕ್ಕವರು ಮತ್ತು ಬರಕ್ಕೆ ಸಿಕ್ಕವರು. ಒಂದು ವರ್ಷ ಮಳೆ ಕೈಕೊಟ್ಟು ತೊಗರಿ ಒಣಗುವ, ಮತ್ತೊಂದು ವರ್ಷ ಭೀಮೆ ಉಕ್ಕಿ ಹೊಲಕ್ಕೆ ನುಗ್ಗುವ ಇಂಡಿ, ಸಿಂದಗಿಯ ಜನ ಈ ಕಲಮನ್ನು ಓದಿದರೆ ತಮ್ಮನ್ನೇ ನೋಡಿ ಬರೆದರೇನೋ ಅಂದುಕೊಂಡಾರು. ಆದರೆ ಅದನ್ನು ಓದುವವರು ಯಾರು? ಹಕ್ಕು ಕಾಯ್ದೆಯ ಪುಟದಲ್ಲಿ ಹುಟ್ಟುತ್ತದೆ, ನಿಜ. ಅದು ಹೊಲದ ಬದುವಿನ ತನಕ ತಾನಾಗಿ ನಡೆದು ಬರುವುದಿಲ್ಲ.

ನಡೆಸಿ ತರಬೇಕಾದವರನ್ನು ಅರೆ ಕಾನೂನು ಸ್ವಯಂಸೇವಕರು ಎನ್ನುತ್ತಾರೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ಈ ಯೋಜನೆ ಮಾಡಿತು. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಹೆಂಗಸರು ಯಾರು ಬೇಕಾದರೂ ತರಬೇತಿ ಪಡೆದು ಇದಕ್ಕೆ ಬರಬಹುದು. ದೀರ್ಘ ಶಿಕ್ಷೆ ಅನುಭವಿಸುತ್ತಿರುವ ಸನ್ನಡತೆಯ ಕೈದಿಗಳು ಸಹ ಜೈಲಿನೊಳಗೆ ಈ ಕೆಲಸ ಮಾಡಬಹುದು. ಕೆಲಸ ಮಾಡಿದ ದಿನಕ್ಕೆ ಅಲ್ಪ ಗೌರವಧನ ಉಂಟು. ಕೇಳಲು ಬಂದವರಿಂದ ಒಂದು ರೂಪಾಯಿ ಮುಟ್ಟುವಂತಿಲ್ಲ. 2011ರ ನಿಯಮಗಳು ಹಳ್ಳಿಗಳಿಗೆ ಕಾನೂನು ನೆರವು ಕ್ಲಿನಿಕ್‌ಗಳನ್ನು ತರಲು ಹೊರಟಾಗ ಮುಂದಿಟ್ಟುಕೊಂಡ ಮಾದರಿ ಪ್ರಾಥಮಿಕ ಆರೋಗ್ಯ ಕೇಂದ್ರ. ಕಾಯಿಲೆ ಸಣ್ಣದಿರುವಾಗಲೇ, ಮನೆಯ ಹತ್ತಿರವೇ, ಯಾರಾದರೂ ನೋಡಲಿ ಎಂಬ ವಿಚಾರ ಅದರ ಹಿಂದಿದೆ.

ಹಾಗೆಂದು ಈ ಯೋಜನೆ ಬರುವ ತನಕ ನಮ್ಮ ಹಳ್ಳಿಗಳಲ್ಲಿ ಸಲಹೆ ಹೇಳುವವರೇ ಇರಲಿಲ್ಲ ಎಂದಲ್ಲ. ಗೌಡರಿದ್ದರು, ಕುಲಕರ್ಣಿಯವರಿದ್ದರು, ಕಟ್ಟೆಯ ಮೇಲೆ ಪಂಚರಿದ್ದರು. ಅವರಲ್ಲಿ ನ್ಯಾಯವಂತರೂ ಇದ್ದರು. ಅವರ ಮಾತಿನಿಂದ ಉಳಿದ ಮನೆಗಳೂ ಇವೆ. ಆದರೆ ಆ ಸಲಹೆಗೆ ಒಂದು ಋಣ ಅಂಟಿಕೊಂಡಿರುತ್ತಿತ್ತು. ಕೇಳಿದವನು ಮುಂದಿನ ಸುಗ್ಗಿಯಲ್ಲಿ ಅವರ ಹೊಲಕ್ಕೆ ಹೋಗಬೇಕು, ಚುನಾವಣೆಯಲ್ಲಿ ಅವರು ತೋರಿಸಿದ ಕಡೆ ಮತ ಹಾಕಬೇಕು, ಎದುರು ಬಂದಾಗ ತಲೆಯ ರುಮಾಲು ತೆಗೆಯಬೇಕು. ಇವತ್ತು ತಹಶೀಲ್ದಾರ ಕಚೇರಿಯ ಮುಂದೆ ನಿಲ್ಲುವ ಏಜೆಂಟನಿಗೆ ಅಂಥ ನಿರೀಕ್ಷೆಗಳಿಲ್ಲ. ಅವನಿಗೆ ರೊಕ್ಕ ಕೊಟ್ಟರೆ ಸಾಕು. ಆದರೆ ಅವನು ಒಂದು ಗುಟ್ಟು ಕಾಯುತ್ತಾನೆ: ಅರ್ಜಿ ಹಾಕುವುದು ಹೇಗೆ ಎಂಬುದನ್ನು ಮಾತ್ರ ಎಂದೂ ಕಲಿಸುವುದಿಲ್ಲ. ಕಲಿಸಿದರೆ ಮುಂದಿನ ಸಲ ಗಿರಾಕಿ ಬರುವುದಿಲ್ಲ. ಸ್ವಯಂಸೇವಕ ಈ ಇಬ್ಬರಿಗಿಂತ ಬೇರೆಯಾಗುವುದು ಹೇಗೆ? ಉಚಿತ ಎಂಬುದೊಂದೇ ಸಾಲದು. ಮೂರು ಬಗೆಯ ಸಹಿಗಳನ್ನು ನೋಡುತ್ತ ಹೋದರೆ ಇದಕ್ಕೆ ಉತ್ತರ ಸಿಗಬಹುದು ಅನ್ನಿಸುತ್ತದೆ.

ಮೊದಲನೆಯದು ಪರಿಹಾರದ ಹಣ ಪಡೆಯುವಾಗ ಹಾಕುವ ಸಹಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಆ ಜಾಗ ಆಗ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. ಕೃಷ್ಣೆಯ ದಂಡೆಯ ಕಪ್ಪು ಮಣ್ಣು, ಮನೆ, ಗುಡಿ, ಗೋರಿಗಳು ನೀರಿಗೆ ಹೋದವು. ಹಳೆಯ ಕೊಲ್ಹಾರದಂಥ ಊರೇ ಜಾಗ ಬದಲಿಸಿತು. ಮುದ್ದೇಬಿಹಾಳದ ಕಡೆ ನಾರಾಯಣಪುರದ ಹಿನ್ನೀರು ಬಂತು. ಮುಳುಗದ ಊರುಗಳಲ್ಲೂ ಕಾಲುವೆಗೆ ಹೊಲ ಹೋದವು; ಇಂಡಿ ಶಾಖಾ ಕಾಲುವೆ, ಮುಳವಾಡ, ಚಿಮ್ಮಲಗಿ ಏತ ನೀರಾವರಿ ಎಲ್ಲಕ್ಕೂ ಭೂಮಿ ಬೇಕಾಯಿತು. ಬರದ ಜಿಲ್ಲೆಗೆ ನೀರು ಬಂತು, ಅದು ದೊಡ್ಡ ಮಾತು. ಆ ನೀರಿನ ಬೆಲೆಯನ್ನು ಮೊದಲು ತೆತ್ತವರು ಹೊಲ ಬಿಟ್ಟುಕೊಟ್ಟವರು.

ಅವರ ಕೈಗೆ ಚೆಕ್ಕು ಬರುವ ಹೊತ್ತಿಗೆ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಒಂದು ಸಣ್ಣ ಷರತ್ತಿತ್ತು. ಪರಿಹಾರ ಕಡಿಮೆಯಾಯಿತು ಎಂದು ರೈತ ಕೋರ್ಟಿಗೆ ಹೋಗಬಹುದಿತ್ತು; ಆದರೆ ಹಣ ಪಡೆಯುವಾಗ ಅದನ್ನು ತಕರಾರು ಇಟ್ಟೇ ಪಡೆದಿರಬೇಕಿತ್ತು. ತಕರಾರಿಲ್ಲದೆ ಪಡೆದರೆ ಹೆಚ್ಚಿನ ಪರಿಹಾರ ಕೇಳುವ ಆ ದಾರಿ ಮುಚ್ಚುತ್ತಿತ್ತು. ಕರ್ನಾಟಕದ ತಿದ್ದುಪಡಿಯಂತೆ ಐತೀರ್ಪಿನ ನೋಟಿಸು ತಲುಪಿದ 90 ದಿನಗಳಲ್ಲಿ ಅರ್ಜಿಯನ್ನೂ ಕೊಡಬೇಕಿತ್ತು. ಯೋಚಿಸಿ ನೋಡಿ: ಅಜ್ಜನ ಕಾಲದಿಂದ ಉತ್ತ ಹೊಲ ನೀರಿನಡಿ ಹೋಗುತ್ತಿದೆ, ಹೊಸ ಊರಿನಲ್ಲಿ ತಗಡಿನ ಶೆಡ್ಡು ಹಾಕಬೇಕಾಗಿದೆ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದಾನೆ. ಆ ಗಳಿಗೆಯಲ್ಲಿ "ಪರಿಹಾರ ಸಾಲದು ಎಂಬ ತಕರಾರಿನೊಂದಿಗೆ ಪಡೆದಿದ್ದೇನೆ" ಎಂಬ ಒಂದು ಸಾಲು ಬರೆದು ಸಹಿ ಹಾಕಬೇಕು ಎಂದು ಹೇಳುವವರು ಪಕ್ಕದಲ್ಲಿ ಇದ್ದವರಿಗೂ ಇಲ್ಲದವರಿಗೂ ಭೂಮಿ ಆಕಾಶದಷ್ಟು ವ್ಯತ್ಯಾಸವಾಯಿತು.

1984ರಲ್ಲಿ ಸಂಸತ್ತು ಇದಕ್ಕೊಂದು ಪರಿಹಾರ ಹುಡುಕಿ 28ಎ ಕಲಮನ್ನು ಸೇರಿಸಿತು. ಅದೇ ಅಧಿಸೂಚನೆಯಡಿ ಭೂಮಿ ಕಳೆದುಕೊಂಡ ಪಕ್ಕದ ಹೊಲದವನಿಗೆ ಕೋರ್ಟು ಹೆಚ್ಚಿನ ದರ ಕೊಟ್ಟರೆ, ಕೋರ್ಟಿಗೆ ಹೋಗದೆ ಉಳಿದವರೂ ಆ ದರ ಕೇಳಬಹುದು ಎಂದಿತು. ಬಡವರನ್ನು ನೆನೆದು ಮಾಡಿದ ಕಲಮು ಅದು. ಅದಕ್ಕೂ ತೀರ್ಪಿನ ದಿನದಿಂದ ಮೂರು ತಿಂಗಳ ಗಡುವು ಇತ್ತು. ಪಕ್ಕದವನ ತೀರ್ಪು ಬಂದ ಸುದ್ದಿಯನ್ನು ಈತನಿಗೆ ಮುಟ್ಟಿಸುವವರು ಯಾರು? ಕೋರ್ಟು ಪತ್ರ ಬರೆಯುವುದಿಲ್ಲ. ಈತ ಗೋವೆಯಲ್ಲೋ ಪುಣೆಯಲ್ಲೋ ದುಡಿಯಲು ಹೋಗಿದ್ದರೆ ಗಡುವು ಗೊತ್ತಿಲ್ಲದೆಯೇ ದಾಟಿ ಹೋಗುತ್ತದೆ. ಇಲ್ಲಿ ಕಾನೂನು ಕೆಟ್ಟದ್ದಾಗಿರಲಿಲ್ಲ, ಅಧಿಕಾರಿ ದುಷ್ಟನಾಗಿರಬೇಕೆಂದೂ ಇಲ್ಲ. ಆದರೂ ಅನ್ಯಾಯವಾಯಿತು. ಗೊತ್ತಿದ್ದವರು ಬಾಯಿ ಬಿಡಲಿಲ್ಲ ಎಂಬಷ್ಟಕ್ಕೇ ಒಬ್ಬನ ಹಕ್ಕು ಸಾಯಬಲ್ಲದು. ಸಲಹೆಗಾರನ ಮೊದಲ ಧರ್ಮ ಇಲ್ಲಿಂದ ಹುಟ್ಟುತ್ತದೆ: ಗೊತ್ತಿರುವುದನ್ನು ಹೊತ್ತು ಮೀರುವ ಮೊದಲು, ಕೇಳದಿದ್ದರೂ ಹೇಳಬೇಕು.

ಈ ಮಾತು ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಬ್ರಿಟನ್ನಿನಲ್ಲಿ ನಾಗರಿಕ ಸಲಹಾ ಕೇಂದ್ರಗಳು ಬಾಗಿಲು ತೆರೆದದ್ದು 1939ರ ಸೆಪ್ಟೆಂಬರ್ 4ರಂದು, ಎರಡನೆಯ ಮಹಾಯುದ್ಧಕ್ಕೆ ಆ ದೇಶ ಇಳಿದ ಮರುದಿನ. ಮೊದಲಿಗೇ 200 ಕೇಂದ್ರಗಳು, ಕುಳಿತವರು ಹೆಚ್ಚಾಗಿ ಸ್ವಯಂಸೇವಕರು. ರೇಷನ್ ಪುಸ್ತಕ ಕಳೆದವರು, ಮಕ್ಕಳನ್ನು ದೂರದ ಊರಿಗೆ ಕಳುಹಿಸಿದವರು, ಸಾಲ ತೀರಿಸಲಾಗದವರು ಅಲ್ಲಿಗೆ ಬಂದರು. ಸರ್ಕಾರ ಎಂಬ ದೊಡ್ಡ ವ್ಯವಸ್ಥೆ, ಒಳ್ಳೆಯದಕ್ಕೇ ಆಗಲಿ, ಮನೆಯೊಳಗೆ ಕಾಲಿಟ್ಟ ಕೂಡಲೇ ಜೊತೆಗೆ ಅರ್ಜಿ, ನಮೂನೆ, ಗಡುವುಗಳು ಬರುತ್ತವೆ. ಅಲ್ಲಿ ಯುದ್ಧ ತಂದದ್ದನ್ನು ನಮ್ಮ ಕೃಷ್ಣಾ ತೀರಕ್ಕೆ ಅಣೆಕಟ್ಟು ತಂದಿತು. ಇವತ್ತು ಪಿಂಚಣಿ, ಬೆಳೆವಿಮೆ, ಆಧಾರ್ ಜೋಡಣೆಗಳು ಪ್ರತಿ ಮನೆಗೂ ತರುತ್ತಿವೆ.

ಎರಡನೆಯ ಸಹಿ ಇನ್ನೂ ಸೂಕ್ಷ್ಮವಾದದ್ದು. ಅಪ್ಪ ತೀರಿಕೊಂಡ ಮೇಲೆ ವಾರಸಾ ಮಾಡಿಸುವಾಗ, ಇಲ್ಲವೇ ವಾಟ್ನಿ, ಅಂದರೆ ಆಸ್ತಿ ಹಂಚಿಕೆ, ಆಗುವಾಗ, ಹೆಣ್ಣುಮಕ್ಕಳನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಕಾನೂನಿನ ಮಾತು ಸ್ಪಷ್ಟವಾಗಿದೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಹೇಳಿತು. ಹೀಗಾಗಿ ಸಲಹೆಗಾರನ ಕೆಲಸ ಸುಲಭ ಅನ್ನಿಸಬಹುದು: "ನಿಮಗ ಪಾಲು ಐತವ್ವಾ, ಸಹಿ ಹಾಕಬ್ಯಾಡ್ರಿ" ಎಂದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಎದುರಿಗೆ ಕುಳಿತ ಹೆಣ್ಣುಮಗಳಿಗೆ ಎಷ್ಟೋ ಸಲ ಪಾಲಿನ ವಿಷಯ ಗೊತ್ತೇ ಇರುತ್ತದೆ. ಅವಳ ಭಯ ಬೇರೆ: "ತವರಮನಿ ಬಾಗಿಲಾ ಮುಚ್ಚಬಾರದ್ರಿ." ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಹಾಡುಗಳನ್ನು ಕೇಳಿ, ಬರೆದು, 'ಗರತಿಯ ಹಾಡು' ಎಂದು ಪ್ರಕಟಿಸಿದರು. ಆ ಹಾಡುಗಳ ಲೋಕದಲ್ಲಿ ತವರಿಗೆ ಇರುವ ಜಾಗ ಎಷ್ಟು ದೊಡ್ಡದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ನಾಗರಪಂಚಮಿಗೆ ಕರೆಯಲು ಬರುವ ಅಣ್ಣ, ಬಾಣಂತನ ಮಾಡುವ ತಾಯಿ, ಗಂಡನ ಮನೆಯಲ್ಲಿ ಕಷ್ಟವಾದರೆ ಮರಳಲು ಇರುವ ಒಂದೇ ಹೊಸ್ತಿಲು. ಇವೆಲ್ಲ ಎರಡೆಕರೆ ಹೊಲದ ಎದುರು ತಕ್ಕಡಿಗೆ ಬಂದು ನಿಂತಾಗ ಯಾವುದು ಭಾರ ಎಂದು ತೂಗಬೇಕಾದವಳು ಅವಳು, ನಾನಲ್ಲ. ಹಾಗೆಂದು ತವರಿನ ಮಮತೆಯ ಹೆಸರು ಹೇಳಿ ಅವಳಿಂದ ಹಕ್ಕು ಕಸಿಯುವುದೂ ನಡೆದೇ ಇದೆ. ಪ್ರೀತಿಗೆ ಬೆಲೆಯಾಗಿ ಭೂಮಿ ಕೇಳುವ ತವರು ಎಷ್ಟು ದಿನ ತವರಾಗಿ ಉಳಿದೀತು ಎಂಬ ಪ್ರಶ್ನೆಯನ್ನು ಅವಳ ಮುಂದೆ ಇಡಬಹುದು. ಉತ್ತರವನ್ನು ಅವಳ ಬಾಯಿಗೆ ತುರುಕಬಾರದು.

ಹಾಗಾದರೆ ಸಲಹೆಗಾರ ಮಾಡಬೇಕಾದ್ದೇನು? ಹಕ್ಕು ಏನಿದೆ ಎಂದು ಪೂರಾ ಹೇಳಬೇಕು. ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಆಮೇಲೆ ಅಳಿಸುವುದು ಬಹಳ ಕಷ್ಟ ಎಂದು ತಿಳಿಸಬೇಕು. ಪೂರ್ತಿ ಬಿಡುವುದಕ್ಕೂ ಪೂರ್ತಿ ಪಡೆಯುವುದಕ್ಕೂ ನಡುವೆ ದಾರಿಗಳಿವೆ ಎಂದು ತೋರಿಸಬೇಕು. ಪಾಲಿಗೆ ಬದಲು ಹಣವೋ ಒಂದು ಮನೆಯ ಜಾಗವೋ ಬರುವಂತೆ ಬರೆಸಿಕೊಳ್ಳಬಹುದು. ಇವತ್ತೇ ಸಹಿ ಹಾಕಬೇಕೆಂಬ ಒತ್ತಾಯ ಎಲ್ಲಿಂದ ಬಂದಿದೆ ಎಂದು ಕೇಳಬೇಕು. ಆ ಮೇಲೆ ಸುಮ್ಮನಿರಬೇಕು. ಈ ಕೆಲಸದಲ್ಲಿ ಇದೇ ಬಲು ಕಠಿಣ. ಯಾಕೆಂದರೆ ಆಗ ಎದುರಿನವರು ಹೇಳುವ ಮಾತೊಂದಿದೆ: "ನನಗೇನ್ ತಿಳಿತೈತ್ರಿ, ನೀವು ಹೇಳಿದಂಗ ಮಾಡ್ತೀನಿ." ವಿಶ್ವಾಸದ ಮಾತದು, ಕೇಳಲು ಹಿತ. ಅದರೊಳಗೆ ದೊಡ್ಡ ಅಪಾಯ ಕುಳಿತಿದೆ. ಆ ಮಾತನ್ನು ಒಪ್ಪಿಕೊಂಡ ಗಳಿಗೆಯಲ್ಲೇ ಸಲಹೆಗಾರ ಹಳೆಯ ಕಟ್ಟೆಯ ದೊಡ್ಡವನಾಗುತ್ತಾನೆ, ಕೇಳಿದವರು ಮತ್ತೆ ಸಣ್ಣವರಾಗುತ್ತಾರೆ. ಅವರ ಬಾಳಿನ ತೀರ್ಮಾನವನ್ನು ಅವರ ಕೈಗೇ ಗೌರವದಿಂದ ಮರಳಿಸುವುದು ಈ ಕೆಲಸದ ಎರಡನೆಯ ಧರ್ಮ. ಮೊದಲ ಧರ್ಮಕ್ಕೆ ತಿಳಿವಳಿಕೆ ಸಾಕು. ಇದಕ್ಕೆ ಸಂಯಮ ಬೇಕು.

ಮೂರನೆಯದು ರಾಜಿ ಪತ್ರದ ಸಹಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಂಬಿದ ಜನ ನಾವು. ಲೋಕ ಅದಾಲತ್ತಿನಲ್ಲಿ ಬದುವಿನ ಜಗಳ, ಬ್ಯಾಂಕಿನ ಸಾಲ, ಅಪಘಾತದ ಪರಿಹಾರ ಒಂದೇ ದಿನದಲ್ಲಿ ತೀರುವುದು, ಕಟ್ಟಿದ ಕೋರ್ಟು ಶುಲ್ಕವೂ ಮರಳುವುದು ನಿಜವಾಗಿ ದೊಡ್ಡ ಉಪಕಾರ. ಆದರೆ ಅಲ್ಲಿ ಆದ ಐತೀರ್ಪಿಗೆ ಮೇಲ್ಮನವಿ ಇಲ್ಲ. ಅದು ಕಡೆಯ ಮಾತು. ಹಾಗೆಯೇ, ಇಬ್ಬರಲ್ಲಿ ಒಬ್ಬರು ಒಪ್ಪದಿದ್ದರೆ ಲೋಕ ಅದಾಲತ್ತು ತೀರ್ಪು ಹೇರುವಂತಿಲ್ಲ. ಪ್ರಕರಣ ಬಂದ ಕೋರ್ಟಿಗೇ ಮರಳುತ್ತದೆ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ತಿಳಿದವನು ಮಾತ್ರ ಬಿಡುಬೀಸಾಗಿ ರಾಜಿಯಾಗಬಲ್ಲ. 'ಇಲ್ಲ' ಎನ್ನಲು ಬರುತ್ತದೆ ಎಂದು ಗೊತ್ತಿದ್ದವನ 'ಹೂಂ'ಗೆ ತೂಕವಿದೆ.

ಇದು ಹೊಲದ ಜಗಳದಲ್ಲಿ ಎಷ್ಟು ಮುಖ್ಯವೋ, ಬಡಿತ ತಿಂದು ಬಂದ ಹೆಣ್ಣುಮಗಳ ವಿಷಯದಲ್ಲಿ ಅದಕ್ಕಿಂತ ಹೆಚ್ಚು. "ಹೊಂದಿಕೊಂಡ ಹೋಗವ್ವಾ, ಮಕ್ಕಳ ಮುಖಾ ನೋಡು" ಎನ್ನುವುದು ನಮ್ಮಲ್ಲಿ ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು. ಮನೆ ಮುರಿಯದಿರಲಿ ಎಂಬ ಹಾರೈಕೆ ಅದರಲ್ಲಿದೆ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವಳು ಅದೇ ಮನೆಯಲ್ಲಿ ಇರುವ ಹಕ್ಕು ಪಡೆದಿದ್ದಾಳೆ, ರಕ್ಷಣೆಯ ಆದೇಶ ಕೇಳಬಹುದು, ಖರ್ಚಿಗೆ ಹಣ ಕೇಳಬಹುದು ಎಂಬುದನ್ನು ಮುಚ್ಚಿಟ್ಟು ಹೊಂದಾಣಿಕೆ ಬೋಧಿಸಿದರೆ, ಅದು ಹೊಡೆಯುವವನ ಕೈಗೆ ಬಲ ಕೊಟ್ಟ ಹಾಗೆ. ಹೆದರಿಕೆಯಿಂದ ಆದ ರಾಜಿಯಲ್ಲಿ ಶಾಂತಿ ಇಲ್ಲ. ಮುಂದಿನ ಪೆಟ್ಟಿನ ತನಕ ಇರುವ ಬಿಡುವು ಅಷ್ಟೆ. ಅವಳು ಎಲ್ಲವನ್ನೂ ತಿಳಿದು, ತನ್ನ ಲೆಕ್ಕ ತಾನೇ ಹಾಕಿ, ಮರಳಿ ಹೋಗುತ್ತೇನೆ ಎಂದರೆ ಅದು ಅವಳ ನಿರ್ಧಾರ. ಆಗ ಅವಳಿಗೆ 15100 ಎಂಬ ಕಾನೂನು ನೆರವಿನ ದೂರವಾಣಿ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಕಳುಹಿಸಬೇಕು.

ಸಣ್ಣ ಊರಿನಲ್ಲಿ ಈ ಕೆಲಸಕ್ಕೆ ಇನ್ನೊಂದು ಕಷ್ಟವಿದೆ. ಬಂದವರ ಎದುರು ಪಕ್ಷದವರು ನನ್ನ ಬೀಗರ ಬೀಗರಾಗಿರುತ್ತಾರೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಭೇಟಿಯಾಗುತ್ತಾರೆ. ಜಾತಿ, ಓಣಿ, ಪಕ್ಷ ಎಲ್ಲವೂ ಮೇಜಿನ ಎರಡೂ ಬದಿಗೆ ಬಂದು ಕೂರುತ್ತವೆ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಿಸ್ತು ಇಲ್ಲದವನು ಈ ಕೆಲಸಕ್ಕೆ ಬರಬಾರದು. ತನಗೆ ಒಂದು ಕಡೆಯ ಮೇಲೆ ಮಮಕಾರವಿದೆ ಎಂದು ಕಂಡರೆ ಬೇರೊಬ್ಬರ ಹತ್ತಿರ ಕಳುಹಿಸುವ ಪ್ರಾಮಾಣಿಕತೆಯೂ ಬೇಕು. ಹಾಗೆಯೇ ತನ್ನ ತಿಳಿವಿನ ಗಡಿಯೂ ಗೊತ್ತಿರಬೇಕು. ಸ್ವಯಂಸೇವಕ ವಕೀಲನಲ್ಲ. ಹಿಂದೂ ಕುಟುಂಬದ ವಾಟ್ನಿಯ ನಿಯಮವನ್ನು ಮುಸ್ಲಿಂ ಕುಟುಂಬಕ್ಕೆ ಹೇಳಿದರೆ ಅನಾಹುತ. ಪ್ರಕರಣ ಆಳವಾದದ್ದು ಅನ್ನಿಸಿದರೆ ಸಮಿತಿಯ ಮೂಲಕ ವಕೀಲರನ್ನು ಕೊಡಿಸುವುದೇ ಸರಿಯಾದ ಸಲಹೆ.

ಈಗ ಋಣದ ಮಾತಿಗೆ ಬರೋಣ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ದಾಸೋಹದ ವಿಚಾರ ಪುಸ್ತಕದಿಂದ ಕಲಿಯಬೇಕಾದದ್ದೇನಲ್ಲ. ಕೊಡುವವನು ತಾನು ಕೊಟ್ಟೆ ಎಂದುಕೊಳ್ಳಬಾರದು, ಪಡೆದವನು ಬಾಗಬೇಕಾಗಬಾರದು ಎಂಬುದು ಅದರ ತಿರುಳು. ನಾವು ಅನ್ನಕ್ಕೆ ಇದನ್ನು ಚೆನ್ನಾಗಿ ಅನ್ವಯಿಸಿದ್ದೇವೆ; ಅರಿವಿಗೆ ಅನ್ವಯಿಸಿದ್ದು ಕಡಿಮೆ. ಇದೇ ಜಿಲ್ಲೆಯ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಬಾಳಿನುದ್ದಕ್ಕೂ ಊರೂರಲ್ಲಿ ತಿಳಿವಳಿಕೆ ಹಂಚಿದರು. ಜೇಬಿಲ್ಲದ ಅಂಗಿ ತೊಟ್ಟರು, 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ಜೇಬಿನಲ್ಲಿ ಹಣವಷ್ಟೇ ಸೇರುತ್ತದೆ ಎಂದುಕೊಳ್ಳಬೇಕಿಲ್ಲ. ಹೊಗಳಿಕೆ, ಹಂಗು, ಮುಂದಿನ ಚುನಾವಣೆಯ ಆಸೆ, 'ನನ್ನಿಂದ ಇವರು ಉಳಿದರು' ಎಂಬ ಹೆಮ್ಮೆ ಇವೂ ಸೇರುತ್ತವೆ. ಪುಕ್ಕಟೆ ಸಲಹೆ ಹೇಳಿ ಇವನ್ನೆಲ್ಲ ತುಂಬಿಸಿಕೊಂಡವನು ಫೀ ತೆಗೆದುಕೊಂಡವನಿಗಿಂತ ಹೆಚ್ಚೇ ವಸೂಲಿ ಮಾಡಿದ್ದಾನೆ.

ಗೌಡರ ಸಲಹೆ ಋಣ ಹೊರಿಸುತ್ತಿತ್ತು, ಏಜೆಂಟನ ಸಲಹೆ ಅವಲಂಬನೆ ಬೆಳೆಸುತ್ತದೆ. ಎರಡರಲ್ಲೂ ಕೇಳಿದವನು ಮತ್ತೆ ಬರಲೇಬೇಕು. ಸ್ವಯಂಸೇವಕನ ಸಲಹೆಗೆ ಇರುವ ಪರೀಕ್ಷೆ ಇದಕ್ಕೆ ತಿರುವಾದದ್ದು: ಬಂದವನು ಅದೇ ಪ್ರಶ್ನೆ ಹಿಡಿದು ಇನ್ನೊಮ್ಮೆ ಬರಬೇಕಾಗದಷ್ಟು ಕಲಿತು ಹೋದನೇ? ತನಗೆ ತಿಳಿದದ್ದನ್ನು ಓಣಿಯ ಇನ್ನೊಬ್ಬರಿಗೆ ಹೇಳಬಲ್ಲನೇ? ಗಡುವು ಎಂದರೇನು, ಸ್ವೀಕೃತಿ ಪತ್ರ ಏಕೆ ಕೇಳಿ ಪಡೆಯಬೇಕು, ಖಾಲಿ ಕಾಗದಕ್ಕೆ ಸಹಿ ಏಕೆ ಹಾಕಬಾರದು ಎಂದು ಒಬ್ಬ ಅವ್ವ ತನ್ನ ಮಗಳಿಗೆ ಹೇಳಿದ ದಿನ ಆ ಸಲಹೆ ಸಂಪೂರ್ಣವಾಯಿತು. ಆಗ ಹೇಳಿಕೊಟ್ಟವನ ಹೆಸರು ಯಾರಿಗೂ ನೆನಪಿರದಿದ್ದರೆ ಅದು ನಷ್ಟವೇನಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಬ್ಯಾಂಕಿನಲ್ಲಿ, ಕಂದಾಯ ಇಲಾಖೆಯಲ್ಲಿ ದುಡಿದು ಮನೆ ಸೇರಿದವರಿದ್ದಾರೆ, ಪದವಿ ಮುಗಿಸಿ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆಲ್ಲ ಕಾಗದ ಓದಲು ಬರುತ್ತದೆ. ಅವರು ಓದು ಕಲಿತದ್ದು ಇದೇ ಜನರ ತೆರಿಗೆಯಿಂದ ನಡೆದ ಶಾಲೆಗಳಲ್ಲಿ. ಆ ಋಣ ಇನ್ನೂ ಬಾಕಿ ಇದೆ. ವಾರಕ್ಕೆ ಒಂದು ಹೊತ್ತು ತಾಲ್ಲೂಕು ಸಮಿತಿಯ ಕೋಣೆಯಲ್ಲೋ ಊರ ಪಂಚಾಯಿತಿಯಲ್ಲೋ ಕುಳಿತು, ಬಂದವರ ಕಾಗದ ಓದಿ, ಹಕ್ಕನ್ನು ಪೂರಾ ತಿಳಿಸಿ, ತೀರ್ಮಾನವನ್ನು ಅವರಿಗೇ ಬಿಟ್ಟುಕೊಡಲು ಅವರು ಮುಂದಾಗಬೇಕು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಸಂವಿಧಾನದಲ್ಲಿ ಬರೆದಾಗಿದೆ. ಆ ಸಮಾನತೆ ಈ ಸೀಮೆಯ ರೈತನಿಗೂ ಅವನ ಹೆಂಡತಿಗೂ ದಕ್ಕಬೇಕಾದರೆ, ಹೆಬ್ಬೆಟ್ಟು ಒತ್ತುವ ಮುಂಚೆ "ಏನ್ ಬರದೈತಿ?" ಎಂದು ಕೇಳುವ ಧೈರ್ಯ ಅವರಿಗಿರಬೇಕು, ಆ ಪ್ರಶ್ನೆಗೆ ಹಂಗಿಲ್ಲದ ಉತ್ತರ ಕೊಡುವ ಒಬ್ಬರು ಹತ್ತಿರದಲ್ಲಿರಬೇಕು. ಧೈರ್ಯ ಅವರದು, ಹತ್ತಿರ ಇರುವ ಹೊಣೆ ಓದಲು ಬಲ್ಲ ನಮ್ಮೆಲ್ಲರದು.